ಬೇಸಿಗೆಗೆ ಯಾವ ಶಿಬಿರ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. 10ನೇ ತರಗತಿಯ ಮಗಳಿಗೆ ಗಣಿತವೆಂದರೆ ಪ್ರಾಣ. ಬಾಸ್ಟನ್ನಿನ ‘ಪ್ರಾಮಿಸ್’ (PROMYS) ಗಣಿತ ಶಿಬಿರ, ಹೆಸರಾಂತ ವಿಶ್ವವಿದ್ಯಾಲಯವೊಂದರ 3 ವಾರಗಳ ದುಬಾರಿ ಕೋರ್ಸ್, ಎರಡರಲ್ಲೂ ಸೀಟು ಸಿಕ್ಕಿದೆ. ಯಾವುದಕ್ಕೆ ಕಳಿಸಲಿ?

ಉತ್ತರ: ಪ್ರಾಮಿಸ್‌ಗೇ ಕಳಿಸಿ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ 1989ರಿಂದ ನಡೆಯುತ್ತಿರುವ ಈ 6 ವಾರಗಳ ಶಿಬಿರದಲ್ಲಿ ಬೆಳಿಗ್ಗೆ ಸಂಖ್ಯಾಸಿದ್ಧಾಂತದ (ಪೂರ್ಣಾಂಕಗಳ ಗುಣಗಳನ್ನು ಅಭ್ಯಸಿಸುವ ಗಣಿತ) ಪಾಠ, ಉಳಿದ ಹೊತ್ತೆಲ್ಲ ಸಮಸ್ಯೆಗಳ ಜೊತೆ ಗುದ್ದಾಟ. ಸೂತ್ರ ಕೊಟ್ಟು ಲೆಕ್ಕ ಮಾಡಿಸುವುದಿಲ್ಲ. ಮಕ್ಕಳೇ ಸಂಖ್ಯೆಗಳನ್ನಿಟ್ಟು ನೋಡಿ, ನಿಯಮ ಊಹಿಸಿ, ಅದನ್ನು ಸಾಧಿಸಿ ಬರೆಯಬೇಕು. ಶಾಲೆಯಲ್ಲಿ ಸದಾ ಮೊದಲಿರುವ ಮಕ್ಕಳೂ ಮೊದಲ ವಾರ ಕಂಗೆಡುವುದುಂಟು. ಆಗ ಫೋನಿನಲ್ಲಿ ‘ವಾಪಸ್ ಬಂದುಬಿಡು’ ಎನ್ನಬೇಡಿ, ದಯವಿಟ್ಟು. ಅರ್ಜಿಯ ಜೊತೆ ಬಂದಿದ್ದ ಸಮಸ್ಯೆಗಳನ್ನು ಅವಳು ಊಟ ಮರೆತು ಬಿಡಿಸಿದ್ದರೆ ಹೆದರಬೇಕಿಲ್ಲ. ಖರ್ಚಿನ ಚಿಂತೆಯಿದ್ದರೆ ಆರ್ಥಿಕ ನೆರವು ಕೇಳಿ, ಕೊಡುತ್ತಾರೆ.

ದುಬಾರಿ ಕೋರ್ಸುಗಳಲ್ಲಿ ಹಲವಕ್ಕೆ ಆಯ್ಕೆ ಅಷ್ಟು ಬಿಗಿಯಲ್ಲ. ಅಲ್ಲಿ ಓದಿದ ಮಾತ್ರಕ್ಕೆ ಅದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದೂ ಇಲ್ಲ. ಆದರೂ ಮನಸ್ಸು ಅತ್ತ ಎಳೆದರೆ, ಪಾಠ ಮಾಡುವವರು ಯಾರು, ಅಲ್ಲಿ ಗಳಿಸಿದ ಕ್ರೆಡಿಟ್ಟಿಗೆ (ಪದವಿಗೆ ಲೆಕ್ಕಕ್ಕೆ ಬರುವ ಅಂಕ) ಬೇರೆ ಕಾಲೇಜುಗಳಲ್ಲೂ ಮನ್ನಣೆ ಇದೆಯೇ, ಮುಂಗಡ ವಾಪಸ್ ಬರುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಸಂಶೋಧನೆಯ ಆಸೆಯಿದ್ದರೆ 11ನೇ ತರಗತಿ ಮುಗಿದ ಮೇಲೆ, ಬಾಸ್ಟನ್ ಪಕ್ಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಆರ್‌ಎಸ್‌ಐ (ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್) ಎಂಬ ಬೇಸಿಗೆ ಸಂಶೋಧನಾ ಶಿಬಿರ ಇದೆ. ಶುಲ್ಕವಿಲ್ಲ, ಪೈಪೋಟಿ ವಿಪರೀತ. ಅರ್ಜಿಯ ಗಡುವು ಸಾಮಾನ್ಯವಾಗಿ 11ರಲ್ಲಿ ಓದುತ್ತಿರುವಾಗಲೇ, ಡಿಸೆಂಬರ್‌ನಲ್ಲೇ ಮುಗಿಯುವುದರಿಂದ ಶಿಕ್ಷಕರ ಶಿಫಾರಸು ಪತ್ರವನ್ನು ಅಕ್ಟೋಬರ್‌ನಲ್ಲೇ ಕೇಳಿಡಿ.