ಮೊಬೈಲ್ ಸ್ಟಾರ್ಟರ್ ಹಾಕಿಸಿದರೆ ಬೋರ್ ಮೋಟರ್ ಸುಡುತ್ತದೆಯೇ?

ನೀವು ಕೇಳಿದ್ದು ಇಷ್ಟು: ಕುಷ್ಟಗಿ ಕಡೆ ಮಸಾರಿ (ಕೆಂಪು ಮಣ್ಣಿನ) ಹೊಲ, 2 ಎಕರೆ ದಾಳಿಂಬೆಗೆ ಡ್ರಿಪ್, ಬೋರಿನಲ್ಲಿ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್. ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿಗೆ ಬಿದ್ದಾಗ ಅಪ್ಪ 4 ಕಿ.ಮೀ. ಬೈಕ್ ಮೇಲೆ ಹೋಗಿ ಮೋಟರ್ ಚಾಲೂ ಮಾಡಿ ಬರಬೇಕು. ಮೊಬೈಲ್ ಸ್ಟಾರ್ಟರ್ (ಸಿಮ್ ಹಾಕಿದ ಡಬ್ಬಿ, ಮನೆಯಿಂದಲೇ ಫೋನ್ ಮಾಡಿ ಮೋಟರ್ ಚಾಲೂ ಮಾಡಬಹುದು) ಹಾಕಿಸೋಣ ಅಂದರೆ ವೈಂಡಿಂಗ್ ಅಂಗಡಿಯವರು "ಅದನ್ನ ಹಾಕಿದ್ರ ಮೋಟರ್ ಸುಡ್ತೈತಿ" ಅಂತಾರೆ. ಹಾಕಿಸಬೇಕೋ ಬೇಡವೋ, ಹಾಕಿಸಿದರೆ ಯಾವ ಸಿಮ್?

ಹಾಕಿಸಿ. ವಯಸ್ಸಾದವರು ಕತ್ತಲಲ್ಲಿ ಬದುವಿನ ಮೇಲೆ ಓಡಾಡುವುದು ತಪ್ಪಬೇಕು. ಹಾವಿನ ಭಯ ಎಲ್ಲ ಕಡೆಗೂ ಇದೆ, ಕೊಪ್ಪಳ ಜಿಲ್ಲೆಯ ಗುಡ್ಡದ ಪಕ್ಕದ ಹೊಲಗಳಲ್ಲಿ ಕರಡಿಯ ಭಯವೂ ಇದೆ. ಆದರೆ ಅಂಗಡಿಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ನಿಜ ಇದೆ. ಅಪ್ಪ ಹಸಿರು ಬಟನ್ ಒತ್ತುವಾಗ ಅವರ ಕಣ್ಣು ಕಿವಿ ಎರಡೂ ಕೆಲಸ ಮಾಡುತ್ತಿರುತ್ತವೆ. ಮೂರೂ ದೀಪ ಹತ್ತಿವೆಯಾ, ಸ್ಟಾರ್ಟರ್ ಗುರ್ ಅನ್ನುತ್ತಿದೆಯಾ, ಡೆಲಿವರಿ ಪೈಪಿಗೆ ನೀರು ಬಂತಾ ಅಂತ ನೋಡಿಯೇ ಅವರು ಹೊರಡುತ್ತಾರೆ. ಮೊಬೈಲ್ ಸ್ಟಾರ್ಟರ್ ಬರೀ ಬೆರಳು, ಬಟನ್ ಒತ್ತಿ ಸುಮ್ಮನಾಗುತ್ತದೆ. ಆ ಕಣ್ಣು ಕಿವಿಯ ಕೆಲಸಕ್ಕೆ ಬೇರೆ ಏರ್ಪಾಡು ಮಾಡದೆ ಬರೀ ಬೆರಳನ್ನು ಕೂರಿಸಿದ ಕಡೆ ಮೋಟರ್ ಸುಡುತ್ತದೆ. ಹಾಗಾಗಿ ಮೊದಲು ರಕ್ಷಣೆ, ಆಮೇಲೆ ಮೊಬೈಲ್.

ಮೋಟರ್ ಸುಡುವುದಕ್ಕೆ ದೊಡ್ಡ ಕಾರಣ ಒಂದು ಫೇಸ್ ಹೋಗುವುದು. ಟಿಸಿಯಲ್ಲಿ (ಹೊಲದ ಟ್ರಾನ್ಸ್‌ಫಾರ್ಮರ್‌ನಲ್ಲಿ) ಒಂದು ಫ್ಯೂಸ್ ಹೋದರೆ ಉಳಿದ ಎರಡು ಫೇಸಿನ ಮೇಲೇ ಮೋಟರ್ ಎಳೆಯುತ್ತಿರುತ್ತದೆ, ಆ ಎರಡರಲ್ಲಿ ಆಂಪ್ಸ್ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಸ್ಟಾರ್ಟರ್ ತಾನಾಗಿ ಬೀಳುತ್ತದೆ (ಟ್ರಿಪ್ ಆಗಿ ಮೋಟರ್ ಆರುತ್ತದೆ) ಅಂತ ನಂಬುವ ಹಾಗಿಲ್ಲ. ಕಾಂಟ್ಯಾಕ್ಟರ್ (ಸ್ಟಾರ್ಟರ್ ಒಳಗೆ ಮೋಟರಿಗೆ ಕರೆಂಟ್ ಕೂಡಿಸುವ ಸ್ವಿಚ್ಚು) ಕಾಯಿಲ್‌ಗೆ ಎರಡು ಫೇಸ್ ಮಾತ್ರ ಕೊಟ್ಟಿರುತ್ತಾರೆ, ಹೋದದ್ದು ಮೂರನೆಯದಾದರೆ ಕಾಯಿಲ್ ಹಿಡಿದೇ ಇರುತ್ತದೆ. ಬರೀ ವೋಲ್ಟೇಜ್ ನೋಡುವ ಅಗ್ಗದ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ಆರಿಸುವ ಸಾಧನ) ಕೂಡ ಇಲ್ಲಿ ಮೋಸ ಹೋಗುತ್ತದೆ, ಯಾಕೆಂದರೆ ತಿರುಗುತ್ತಿರುವ ಮೋಟರೇ ಆ ಹೋದ ಫೇಸಿನ ತಂತಿಯಲ್ಲಿ ವಾಪಸ್ ವೋಲ್ಟೇಜ್ ಹುಟ್ಟಿಸುತ್ತದೆ. ಮೋಟರ್ ನಿಂತಿದ್ದಾಗ ಪ್ರಿವೆಂಟರ್ ಸರಿಯಾಗಿಯೇ ಹಿಡಿಯುತ್ತದೆ, ಓಡುತ್ತಿರುವಾಗ ಹಿಡಿಯುವುದಿಲ್ಲ. ಆದ್ದರಿಂದ ಕೊಳ್ಳುವಾಗ ಒಂದೇ ಮಾತು ಕೇಳಿ: "ಇದರ ಜೊತೆ ಸಿಟಿ ಬರುತ್ತಾ, ಆಂಪ್ಸ್ ತೋರಿಸುತ್ತಾ?" ಸಿಟಿ ಅಂದರೆ ಮೋಟರ್ ತಂತಿಗೆ ಬಳೆಯ ಹಾಗೆ ತೊಡಿಸುವ ಕಾಯಿಲ್, ಆ ತಂತಿಯಲ್ಲಿ ಎಷ್ಟು ಆಂಪ್ಸ್ ಹರಿಯುತ್ತಿದೆ ಅಂತ ಅಳೆಯುತ್ತದೆ. ಮೂರು ಫೇಸಿಗೂ ಒಂದೊಂದು ಸಿಟಿ ಇರುವುದು ಒಳ್ಳೆಯದು. ಸಿಟಿಯೇ ಇಲ್ಲದ ಡಬ್ಬಿಯನ್ನು ನಾನಂತೂ ಸಬ್‌ಮರ್ಸಿಬಲ್‌ಗೆ ಹಾಕಲು ಹೇಳುವುದಿಲ್ಲ. ಕೂರಿಸುವಾಗ ಒಂದು ಬಳೆಯಲ್ಲಿ ಒಂದೇ ತಂತಿ ಹೋಗಬೇಕು. ಮೂರನ್ನೂ ಒಟ್ಟಿಗೆ ತೂರಿಸಿದರೆ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ, ಡಬ್ಬಿ "ನೀರಿಲ್ಲ" ಅಂತ ಮೋಟರ್ ಆರಿಸುತ್ತಲೇ ಇರುತ್ತದೆ.

ಮೆನುವಿನಲ್ಲಿ ಟೂ ಫೇಸ್, ತ್ರೀ ಫೇಸ್ ಅಂತ ಎರಡು ಆಯ್ಕೆ ಇರುವ ಡಬ್ಬಿಗಳಿವೆ. ತ್ರೀ ಫೇಸ್‌ನಲ್ಲೇ ಇಡಿ. ಕಂಡೆನ್ಸರ್ ಹಾಕಿ ಎರಡು ಫೇಸ್‌ನಲ್ಲಿ ಓಡಿಸುವವರು ನಮ್ಮ ಕಡೆ ಇದ್ದಾರೆ, ಪಕ್ಕದಲ್ಲಿ ಆಳು ನಿಂತಿದ್ದಾಗಲೇ ಅದು ಅಪಾಯ. ಮನೆಯಲ್ಲಿ ಕೂತು ಮಾಡುವ ಕೆಲಸವಂತೂ ಅಲ್ಲ. ಡಬ್ಬಿ ವೋಲ್ಟೇಜ್ ಮಿತಿ ಕೇಳಿದರೆ ಕೆಳಗೆ 350, ಮೇಲೆ 460 ಇಡಿ.

ಈಗ ಸ್ಟಾರ್ಟರ್ ಪೆಟ್ಟಿಗೆ ತೆರೆಯಿರಿ, ಮೇನ್ ಆರಿಸಿ ಫ್ಯೂಸ್ ಕಿತ್ತ ಮೇಲೆ. ಕಾಂಟ್ಯಾಕ್ಟರ್ ಕೆಳಗೆ ಬೆಂಕಿಪೊಟ್ಟಣದ ಗಾತ್ರದ ಓವರ್‌ಲೋಡ್ ರಿಲೇ (ಆಂಪ್ಸ್ ಮಿತಿ ಮೀರಿದರೆ ಮೋಟರ್ ಆರಿಸುವುದು ಇದೇ), ಅದರ ಮೇಲೆ ಸ್ಕ್ರೂ ಡ್ರೈವರ್‌ನಿಂದ ತಿರುಗುವ ಸಣ್ಣ ಮುಳ್ಳು, ಸುತ್ತ ಆಂಪ್ಸ್ ಅಂಕಿಗಳು. ಈ ಮುಳ್ಳು ಎಲ್ಲಿದೆ ಅಂತ ನೋಡಿ. ಬಹಳ ಪೆಟ್ಟಿಗೆಗಳಲ್ಲಿ ಅದು ಬಲತುದಿಗೆ ತಿರುಗಿರುತ್ತದೆ. ಹಾಗೆ ತಿರುಗುವುದಕ್ಕೂ ಕಾರಣ ಇದೆ. ಏಪ್ರಿಲ್-ಮೇ ಬಿಸಿಲಿಗೆ ತಗಡಿನ ಪೆಟ್ಟಿಗೆ ಮುಟ್ಟಲಾಗದಷ್ಟು ಕಾಯುತ್ತದೆ, ರಿಲೇ ಒಳಗಿನ ಲೋಹದ ಪಟ್ಟಿ ಆ ಕಾವಿಗೇ ಬಾಗಿ ಮೋಟರ್ ಸುಮ್ಮಸುಮ್ಮನೆ ಬೀಳುತ್ತದೆ. ಬೇಸತ್ತು ಯಾರೋ ಮುಳ್ಳನ್ನು ಕೊನೆಗೆ ತಿರುಗಿಸುತ್ತಾರೆ. ಮಳೆಗಾಲ ಬಂದು ಪೆಟ್ಟಿಗೆ ತಣ್ಣಗಾದರೂ ಮುಳ್ಳು ಅಲ್ಲೇ ಇರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಮುಳ್ಳನ್ನು ಮೋಟರಿನ ಪಟ್ಟಿಯ (ನೇಮ್ ಪ್ಲೇಟ್) ಮೇಲೆ ಬರೆದ ಆಂಪ್ಸಿಗೇ ಇಡಿ. 7.5 ಎಚ್‌ಪಿ ಸಬ್‌ಮರ್ಸಿಬಲ್‌ಗೆ ಅದು ಸಾಮಾನ್ಯವಾಗಿ 13ರಿಂದ 15ರ ಆಸುಪಾಸು, ಆದರೂ ನಿಮ್ಮ ಮೋಟರಿನ ಬಿಲ್ಲು ಅಥವಾ ಪುಸ್ತಕದಲ್ಲಿ ಇರುವುದೇ ಲೆಕ್ಕ. ಪೆಟ್ಟಿಗೆಗೆ ನೆರಳು ಮಾಡಿ, ನಾಲ್ಕು ಗೂಟ ನೆಟ್ಟು ಸೋಗೆ ಹೊದಿಸಿದರೂ ಸಾಕು. ರಿಲೇ ಬದಲಿಸುವುದಾದರೆ ಕ್ಲಾಸ್ 10 ಕೇಳಿ, ಸಬ್‌ಮರ್ಸಿಬಲ್‌ನ ವೈಂಡಿಂಗ್ ಬೇಗ ಕಾಯುವುದರಿಂದ ಬೇಗ ಬೀಳುವ ರಿಲೇನೇ ಬೇಕು.

ಬೋರಿನಿಂದ ಎಷ್ಟು ತಂತಿ ಮೇಲೆ ಬಂದಿವೆ ಅಂತಲೂ ಎಣಿಸಿ. ಮೂರಾದರೆ ನೇರ ಸ್ಟಾರ್ಟರ್, ಆರಾದರೆ ಸ್ಟಾರ್ ಡೆಲ್ಟಾ (ಮೋಟರನ್ನು ಎರಡು ಹಂತದಲ್ಲಿ ಚಾಲೂ ಮಾಡುವ ಸ್ಟಾರ್ಟರ್). ಸ್ಟಾರ್ ಡೆಲ್ಟಾದಲ್ಲಿ ಓವರ್‌ಲೋಡ್ ರಿಲೇ ಸಾಮಾನ್ಯವಾಗಿ ವೈಂಡಿಂಗ್ ದಾರಿಯಲ್ಲಿ ಇರುವುದರಿಂದ ಪಟ್ಟಿಯ ಆಂಪ್ಸಿನ 58 ಪರ್ಸೆಂಟ್‌ಗೆ ಇಡಬೇಕು. 14 ಆಂಪ್ಸ್ ಮೋಟರಿಗೆ 8ರ ಹತ್ತಿರ. ಇಲ್ಲಿ 14 ಇಟ್ಟರೆ ರಿಲೇ ಇದ್ದೂ ಇಲ್ಲದಂತೆ.

ಮೋಟರ್ ಸುಡಲು ಎರಡನೆಯ ಕಾರಣ ಒಣ ಓಟ (ಡ್ರೈ ರನ್). ಬೇಸಿಗೆಯಲ್ಲಿ ಬೋರಿನ ನೀರು ಇಳಿದು ಪಂಪು ಗಾಳಿ ಎಳೆಯುತ್ತದೆ. ಸಬ್‌ಮರ್ಸಿಬಲ್ ತಣ್ಣಗಿರುವುದೇ ತನ್ನ ಮೈ ಸವರಿ ಹೋಗುವ ನೀರಿನಿಂದ, ನೀರಿಲ್ಲದೆ ಓಡಿದರೆ ಬೇರಿಂಗ್, ವೈಂಡಿಂಗ್ ಎರಡೂ ಹೋಗುತ್ತವೆ. ಇಲ್ಲಿ ಆಂಪ್ಸ್ ಏರುವುದಿಲ್ಲ, ಇಳಿಯುತ್ತದೆ, ಆದ್ದರಿಂದ ಓವರ್‌ಲೋಡ್ ರಿಲೇಗೆ ಇದು ಗೊತ್ತೇ ಆಗುವುದಿಲ್ಲ. ಸೆಟ್ಟಿಂಗ್ ಅಂದಾಜಿನಲ್ಲಿ ಇಡಬೇಡಿ. ಡ್ರಿಪ್ ವಾಲ್ವ್ ತೆರೆದು ನೀರು ತುಂಬಾ ಬರುತ್ತಿರುವಾಗ ಟಾಂಗ್ ಟೆಸ್ಟರ್ (ತಂತಿಗೆ ಕಚ್ಚಿಸಿ ಆಂಪ್ಸ್ ಅಳೆಯುವ ಮೀಟರ್) ಹಿಡಿದು ಮೂರೂ ಫೇಸಿನ ಆಂಪ್ಸ್ ಬರೆದುಕೊಳ್ಳಿ. 13 ಬಂದರೆ ಡ್ರೈ ರನ್ ಮಿತಿಯನ್ನು ಅದರ 75-80 ಪರ್ಸೆಂಟ್‌ಗೆ, ಅಂದರೆ 10ಕ್ಕೆ ಇಡಿ. ನೀರು ಪೈಪಿನಲ್ಲಿ ಮೇಲೆ ಬರುವ ತನಕ ಕಾಯಲು 20-30 ಸೆಕೆಂಡ್ ಬಿಡುವು ಕೊಡಿ. ಬಿದ್ದ ಮೇಲೆ ಮತ್ತೆ ಚಾಲೂ ಆಗುವ ಸಮಯವನ್ನು ಕನಿಷ್ಠ 45 ನಿಮಿಷ ಇಡಿ, ಬೋರಿಗೆ ಊರಲು ಹೊತ್ತು ಬೇಕು. 5 ನಿಮಿಷ ಇಟ್ಟರೆ ರಾತ್ರಿಯಿಡೀ ಹತ್ತುವುದು ಆರುವುದು ನಡೆಯುತ್ತದೆ, ಪ್ರತಿ ಚಾಲೂವಿಗೂ ನೇರ ಸ್ಟಾರ್ಟರ್‌ನಲ್ಲಿ ಮೋಟರ್ ತನ್ನ ಆಂಪ್ಸಿನ ಐದಾರು ಪಟ್ಟು ಎಳೆಯುತ್ತದೆ.

ಜೋಡಣೆಯಲ್ಲಿ ಒಂದು ಕಡೆ ಎಡವುತ್ತಾರೆ. ಡಬ್ಬಿಯ ಚಾಲೂ ರಿಲೇಯನ್ನು ಹಸಿರು ಬಟನ್‌ಗೆ ಪಕ್ಕಪಕ್ಕ, ಆರಿಸುವ ರಿಲೇಯನ್ನು ಕೆಂಪು ಬಟನ್‌ನ ಸಾಲಿನಲ್ಲೇ ಕೊಡಬೇಕು. ಆ ದಾರಿಯಲ್ಲಿ ಇರುವುದು 415 ವೋಲ್ಟ್. ಅಗ್ಗದ ಡಬ್ಬಿಯ ರಿಲೇ 250 ವೋಲ್ಟ್‌ಗೆ ಮಾಡಿದ್ದಾದರೆ ಅದರ ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತದೆ. ಮೊಬೈಲ್‌ಗೆ "ಮೋಟರ್ ಆಫ್" ಅಂತ ಮೆಸೇಜ್ ಬರುತ್ತದೆ, ಹೊಲದಲ್ಲಿ ಮೋಟರ್ ಓಡುತ್ತಲೇ ಇರುತ್ತದೆ. ಇಲ್ಲಿಯೂ ಸಿಟಿಯೇ ಕಾಯುವುದು: ಆಫ್ ಅಂದ ಮೇಲೂ 13 ಆಂಪ್ಸ್ ತೋರಿಸುತ್ತಿದ್ದರೆ ಅಂಟಿದೆ ಅಂತ ಮನೆಯಲ್ಲೇ ಗೊತ್ತಾಗುತ್ತದೆ.

ಸಿಮ್ ವಿಚಾರ. ಡಬ್ಬಿ 2ಜಿಯದೋ 4ಜಿಯದೋ ಅಂತ ಮೊದಲು ನೋಡಿ. 2ಜಿ ಡಬ್ಬಿಗೆ ಜಿಯೋ ಸಿಮ್ ನಡೆಯುವುದಿಲ್ಲ, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್ ಮೂರರಲ್ಲಿ ನಿಮ್ಮ ಹೊಲದಲ್ಲಿ ಯಾವುದು ಗಟ್ಟಿಯೋ ಅದು. ಹೊಸದಾಗಿ ಕೊಳ್ಳುವುದಾದರೆ 4ಜಿ ಡಬ್ಬಿಯನ್ನೇ ಕೊಳ್ಳಿ, ಹೆಚ್ಚು ಕಾಲ ಬರುತ್ತದೆ. ಸಿಗ್ನಲ್ ಪರೀಕ್ಷೆಗೆ ಹೊಲದಲ್ಲಿ ನಿಂತು ಮೊಬೈಲ್ ಗೆರೆ ಎಣಿಸಿದರೆ ಸಾಲದು. ಆ ಸಿಮ್ ಹಾಕಿದ ಫೋನನ್ನು ಒಂದು ದಿನ ಪೆಟ್ಟಿಗೆ ಹತ್ತಿರ ಇಟ್ಟು, ಕರೆಂಟ್ ಹೋದಾಗ, ಮಧ್ಯರಾತ್ರಿ, ಮಳೆ ಹೊತ್ತು, ಬೇರೆಬೇರೆ ಸಮಯದಲ್ಲಿ ರಿಂಗ್ ಮಾಡಿ. ಹಳ್ಳಿಯ ಟವರ್ ಬ್ಯಾಟರಿ ಮುಗಿದರೆ ಕರೆಂಟ್ ಬರುವ ತನಕ ನೆಟ್‌ವರ್ಕ್ ಇರುವುದಿಲ್ಲ, ಅದು ಆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಸಿಮ್ ಹಾಕುವ ಮೊದಲು ಫೋನಿನಲ್ಲಿ ಅದರ ಪಿನ್ ಲಾಕ್ ತೆಗೆದು, ಹಳೆಯ ಮೆಸೇಜ್ ಅಳಿಸಿ. ಆಂಟೆನಾ ತಗಡಿನ ಒಳಗೆ ಇದ್ದರೆ ಸಿಗ್ನಲ್ ಸಿಗದು, ಹೊರಗೆ ತಂದು ಎತ್ತರಕ್ಕೆ ಕಟ್ಟಿ. ರೀಚಾರ್ಜ್ ಮುಗಿದರೆ ಒಂದಿಷ್ಟು ದಿನದಲ್ಲಿ ಒಳಬರುವ ಕರೆಯೂ ನಿಲ್ಲುತ್ತದೆ, ಮೋಟರ್ ಮಾತು ಕೇಳುವುದಿಲ್ಲ, ಜನ ಡಬ್ಬಿ ಕೆಟ್ಟಿತು ಅಂತ ಅಂಗಡಿಗೆ ಹೊರುತ್ತಾರೆ. ಅಪ್ಪ, ನೀವು, ಇನ್ನೊಬ್ಬರು, ಹೀಗೆ ಮೂರ್ನಾಲ್ಕು ನಂಬರ್ ಮಾತ್ರ ಒಪ್ಪುವ ಹಾಗೆ ಕಡ್ಡಾಯವಾಗಿ ಇಡಿ. ಇಲ್ಲದಿದ್ದರೆ ಯಾರೋ ರಾಂಗ್ ನಂಬರ್ ಒತ್ತಿದರೂ ಮೋಟರ್ ಹತ್ತುವ ಡಬ್ಬಿಗಳಿವೆ.

ಆಟೋ ಮೋಡ್ ಇಟ್ಟರೆ ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುತ್ತದೆ. ಒಂದು ಟಿಸಿಗೆ ಹತ್ತು ಹದಿನೈದು ಮೋಟರ್ ಇದ್ದು, ಎಲ್ಲರದೂ ಒಂದೇ ಗಳಿಗೆಗೆ ಹತ್ತಿದರೆ ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ, ಟಿಸಿ ಸುಟ್ಟರೆ ಎಲ್ಲರ ಬೆಳೆಯೂ ಬಾಡುತ್ತದೆ. ಇದನ್ನು ಒಬ್ಬರೇ ಸರಿಮಾಡಲು ಆಗುವುದಿಲ್ಲ. ಅದೇ ಟಿಸಿಯವರು ಕೂತು ಮಾತಾಡಿ, ನಿಮ್ಮದು 1 ನಿಮಿಷಕ್ಕೆ, ಪಕ್ಕದವರದು 2 ನಿಮಿಷಕ್ಕೆ, ಮುಂದಿನವರದು 3ಕ್ಕೆ ಅಂತ ವಿಳಂಬ ಹಂಚಿಕೊಳ್ಳಿ. ಕೆಲಸ ಹತ್ತು ನಿಮಿಷದ್ದು, ಒಂದು ಪೈಸೆ ಖರ್ಚಿಲ್ಲ.

ಡ್ರಿಪ್‌ನಲ್ಲಿ ಇನ್ನೊಂದು ತೊಡಕಿದೆ. ಮೊಬೈಲ್‌ಗೆ ಮೋಟರ್ ಗೊತ್ತು, ವಾಲ್ವ್ ಗೊತ್ತಿಲ್ಲ. ಎಲ್ಲ ವಾಲ್ವ್ ಮುಚ್ಚಿದ್ದಾಗ ಮೋಟರ್ ಹತ್ತಿದರೆ ಪೈಪಿನ ಜೋಡಣೆ ಕಿತ್ತು ಬರುತ್ತದೆ. ಸಂಜೆ ಮನೆಗೆ ಬರುವಾಗಲೇ ರಾತ್ರಿಯ ಭಾಗದ ವಾಲ್ವ್ ತೆರೆದಿಟ್ಟು ಬರುವ ರೂಢಿ ಮಾಡಿ, ಬೋರಿನ ಬಳಿ ಪ್ರೆಷರ್ ರಿಲೀಫ್ ವಾಲ್ವ್ (ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ವಾಲ್ವ್) ಕೂರಿಸಿ. ಎಷ್ಟು ಭಾಗ ಮಾಡಬೇಕು ಅಂತ ಡ್ರಮ್ಮಿನಿಂದ ಅಳೆಯಿರಿ. ಗಿಡಗಳು 15ಕ್ಕೆ 10 ಅಡಿಯಲ್ಲಿದ್ದರೆ 2 ಎಕರೆಗೆ ಸುಮಾರು 580 ಗಿಡ, ಗಿಡಕ್ಕೆ 4 ಲೀಟರಿನ 4 ಡ್ರಿಪ್ಪರ್ ಅಂದರೆ ಗಂಟೆಗೆ ಹೆಚ್ಚುಕಡಿಮೆ 9,300 ಲೀಟರ್ ಬೇಕು. 200 ಲೀಟರ್ ಡ್ರಮ್ 75 ಸೆಕೆಂಡಿನಲ್ಲಿ ತುಂಬಿದರೆ ನಿಮ್ಮ ಬೋರ್ ಗಂಟೆಗೆ 9,600 ಕೊಡುತ್ತಿದೆ, ಒಂದೇ ಸಲಕ್ಕೆ ಸಾಕು. 2 ನಿಮಿಷ ಹಿಡಿದರೆ 6,000 ಮಾತ್ರ. ಆಗ ತೋಟವನ್ನು ಎರಡು ಭಾಗ ಮಾಡಿ, ಒಂದು ರಾತ್ರಿ ಒಂದು ಭಾಗ, ಮರುರಾತ್ರಿ ಇನ್ನೊಂದು. ಮಧ್ಯರಾತ್ರಿ ಎದ್ದುಹೋಗಿ ವಾಲ್ವ್ ಬದಲಿಸುವುದೇ ಆದರೆ ಮೊಬೈಲ್ ಸ್ಟಾರ್ಟರ್ ಹಾಕಿಸಿ ಏನು ಬಂತು? ಟೈಮರ್ ಕೊಳ್ಳುವಾಗ, ಕರೆಂಟ್ ಹೋದಾಗ ಎಣಿಕೆ ನಿಲ್ಲಿಸಿ ಬಂದ ಮೇಲೆ ಉಳಿದ ನಿಮಿಷ ಓಡಿಸುವಂಥದ್ದನ್ನೇ ಆರಿಸಿ. ದಾಳಿಂಬೆಯನ್ನು ಕೆಲವು ದಿನ ಒಣಗಿಸಿ ಆಮೇಲೆ ಒಮ್ಮೆಲೇ ನೆನೆಸಿದರೆ ಕಾಯಿ ಸೀಳುತ್ತದೆ, ಏರುಪೇರಿಲ್ಲದೆ ಒಂದೇ ಅಳತೆಯ ನೀರು ಬೇಕು. ಎರಡು ಭಾಗ ಮಾಡಿದವರು ಸರದಿ ತಪ್ಪದ ಹಾಗೆ ನೋಡಿಕೊಂಡರೆ ತೊಂದರೆ ಇಲ್ಲ.

ಉಳಿದದ್ದು ಚಿಕ್ಕಪುಟ್ಟದ್ದು, ಆದರೆ ಡಬ್ಬಿ ಕೆಡುವುದು ಇದರಿಂದಲೇ. ಕಾಂಟ್ಯಾಕ್ಟರ್ ಸಂದಿಯಲ್ಲಿ ಹಲ್ಲಿ ಸಿಕ್ಕಿಕೊಂಡು ಸತ್ತರೆ ಪಾಯಿಂಟ್ ಪೂರ್ತಿ ಕೂಡುವುದಿಲ್ಲ, ಒಂದು ಫೇಸ್ ಅಲ್ಲೇ ಹೋಗುತ್ತದೆ. ತಂತಿ ಒಳಬರುವ ತೂತುಗಳನ್ನು ಎಂ-ಸೀಲ್‌ನಿಂದ ಮುಚ್ಚಿ, ಒಳಗೆ ಎರಡು ನುಸಿಗುಳಿಗೆ ಇಡಿ. ಅರ್ಥಿಂಗ್‌ಗೆ ಹೊಸ ಗುಂಡಿ ತೆಗೆದು, ಇದ್ದಿಲು ಉಪ್ಪು ಹಾಕಿ, ಎಂಟು ಅಡಿ ಪೈಪ್ ಇಳಿಸಿ. ಮಸಾರಿ ಮಣ್ಣು ಒಣಗಿದರೆ ಅರ್ಥ್ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಒಂದು ಡ್ರಿಪ್ಪರ್‌ನ ಪೈಪನ್ನು ಆ ಗುಂಡಿಗೇ ಬಿಡಿ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೆ ಮೊದಲು ಹೋಗುವುದು ಈ ಎಲೆಕ್ಟ್ರಾನಿಕ್ ಡಬ್ಬಿಯೇ.

ಕೊನೆಗೆ, ಇದನ್ನು ದಪ್ಪಕ್ಷರದಲ್ಲಿ ಬರೆದು ಪೆಟ್ಟಿಗೆ ಬಾಗಿಲಿನ ಒಳಗೆ ಅಂಟಿಸಿ, ಅಪ್ಪನಿಗೂ ಓದಿ ಹೇಳಿ: "ಈ ಮೋಟರ್ ಯಾವ ಗಳಿಗೆಗಾದರೂ ತಾನೇ ಚಾಲೂ ಆಗುತ್ತದೆ. ಮೇನ್ ಆರಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡ ಮೇಲೆಯೇ ತಂತಿ ಮುಟ್ಟಿ." ಅದರ ಕೆಳಗೆ ಮೂರು ಫೇಸಿನ ಆಂಪ್ಸ್, ಅಳೆದ ದಿನಾಂಕ, ಸಿಮ್ ನಂಬರ್ ಮತ್ತು ಅದರ ರೀಚಾರ್ಜ್ ಮುಗಿಯುವ ತಾರೀಕು.