ಹಂಸ, ಅಂಚೆ, ಹೆಬ್ಬಾತು

ಪ್ರಶ್ನೆ: ‘ಹಂಸ’ಕ್ಕೂ ಇಂಗ್ಲಿಷಿನ ‘ಗೂಸ್’ಗೂ ನಂಟಿದೆಯೇ? ಹಂಸವೆಂದರೆ ಸ್ವಾನ್ ಅಲ್ಲವೇ?

ಉತ್ತರ: ನಂಟಿದೆ, ಅದೂ ಒಡಹುಟ್ಟಿನ ನಂಟು. ಎರಡಕ್ಕೂ ಒಂದೇ ಇಂಡೋ-ಯುರೋಪಿಯನ್ ಮೂಲ. ಅದರ ಮೊದಲ ಧ್ವನಿ ‘ಘ’ಕಾರದಂಥದ್ದು. ಅದು ಸಂಸ್ಕೃತದಲ್ಲಿ ‘ಹ’ ಆಯಿತು, ಜರ್ಮನ್ನಿನಲ್ಲಿ ‘ಗ’ ಆಗಿ ‘ಗಾನ್ಸ್’ ಉಳಿಯಿತು. ಇಂಗ್ಲಿಷಿನಲ್ಲಿ ಸಕಾರದ ಹಿಂದಿನ ನಕಾರ ಬಿದ್ದುಹೋಗಿ, ಸ್ವರ ದೀರ್ಘವಾಗಿ ‘ಗೂಸ್’ ಬಂತು. ಗಂಡುಹಕ್ಕಿಯ ಹೆಸರಾದ ‘ಗ್ಯಾಂಡರ್’ನಲ್ಲಿ ಆ ನಕಾರ ಇನ್ನೂ ಇದೆ, ನೋಡಿ. ಲ್ಯಾಟಿನ್ನಿನ ‘ಆನ್ಸೆರ್’ ಮೊದಲ ಹಕಾರವನ್ನೇ ಕಳೆದುಕೊಂಡಿತು. ನಮ್ಮ ‘ಅಂಚೆ’ಯಲ್ಲೂ (ಟಪಾಲಲ್ಲ, ಹಕ್ಕಿಯ ಹೆಸರು) ಹಾಗೆಯೇ: ಅದು ಹಂಸದ ತದ್ಭವ, ‘ಹ’ ಹೋಗಿ, ‘ಸ’ ‘ಚ’ ಆಯಿತು.

‘ಗೂಸ್’ಗೆ ನಾವು ಹೇಳುವ ‘ಹೆಬ್ಬಾತು’ ಮಾತ್ರ ಬೇರೆ ದಾರಿಯದು. ಹಿರಿದು ಬಾತು, ಹೆಬ್ಬಾತು. ಹೆಬ್ಬೆರಳು, ಹೆಬ್ಬಾಗಿಲಿನ ಹಾಗೆ.

ಸ್ವಾನ್ ಭಾರತಕ್ಕೆ ಬರುವುದೇ ಬಲು ಅಪರೂಪ. ಹಾಗಾಗಿ ಹಳೆಯ ಕಾವ್ಯದಲ್ಲಿ ಮಾನಸಸರೋವರಕ್ಕೆ ಹೋಗಿಬರುವ ಹಂಸವನ್ನು ಹೆಬ್ಬಾತು ಎಂದು ಓದುವುದೇ ನನಗೆ ಸರಿ ಕಾಣುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ನೋಡಿ: ಬಿಳಿ ತಲೆಯ ಹಿಂದೆ 2 ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿ ಇಳಿದಿರುತ್ತವೆ.