ಲಕ್ಕುಂಡಿಯ ದೇವಾಲಯಗಳನ್ನು ಹೋಲ್ಗಾ ಆಟಿಕೆ ಕ್ಯಾಮೆರಾದಲ್ಲಿ ತೆಗೆಯಲು ಯಾವ ಫಿಲ್ಮ್ ಸೂಕ್ತ?

ಐಎಸ್‌ಒ (ಫಿಲ್ಮಿನ ಬೆಳಕಿನ ಸಂವೇದನೆಯ ಅಳತೆ) 400ರ ಕಪ್ಪು-ಬಿಳುಪು ನೆಗೆಟಿವ್ ಫಿಲ್ಮ್ ಸೂಕ್ತವೆಂಬುದು, ಗದಗಿನಿಂದ ಲಕ್ಕುಂಡಿಗೆ ಹೋಗಿಬಂದು ಇದೇ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಿರುವ ನನ್ನ ಅಭಿಪ್ರಾಯ. ಹೋಲ್ಗಾದ ಶಟರಿಗೆ ಸೆಕೆಂಡಿನ ಸುಮಾರು 1/100 ಭಾಗದ ಒಂದೇ ವೇಗವಿದ್ದು, ಅಪರ್ಚರ್ (ಬೆಳಕು ಒಳಬರುವ ಮಸೂರದ ರಂಧ್ರದ ಅಳತೆ) ಎಫ್/11ರ ಆಸುಪಾಸಿನಲ್ಲೇ ನಿಲ್ಲುವುದರಿಂದ, ಬೆಳಕಿನ ಏರಿಳಿತವನ್ನು ಬಹುಪಾಲು ಫಿಲ್ಮೇ ತಾಳಿಕೊಳ್ಳಬೇಕಾಗುತ್ತದೆ. ಅಲ್ಲಿನ ಮೆಟ್ಟಿಲುಬಾವಿಯಾದ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲಿನ, ನೇರ ಬಿಸಿಲಿಲ್ಲದೆ ಆಕಾಶದ ಬೆಳಕಷ್ಟೇ ಬೀಳುವ ತೆರೆದ ನೆರಳಿಗೆ 400 ಸರಿಯಾಗಿ ಹೊಂದುತ್ತದೆ. ಕಾಶಿ ವಿಶ್ವನಾಥ ದೇವಾಲಯದ ಹೊರಗೋಡೆಯ ಮೇಲೆ ನಡುಹಗಲಿನ ಬಿಸಿಲು ಬಿದ್ದಾಗ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಹೆಚ್ಚು ಬೆಳಕು ತಗುಲಿದರೂ ನೆಗೆಟಿವ್ ಸಾಮಾನ್ಯವಾಗಿ ಕೆಡುವುದಿಲ್ಲ, ಆದರೆ ಬೆಳಕು ಕಡಿಮೆಯಾದರೆ ನೆರಳಿನಲ್ಲಿರುವ ಕೆತ್ತನೆಯ ವಿವರಗಳು ಮರಳಿ ಸಿಗುವುದಿಲ್ಲ. ಬಳಪದ ಕಲ್ಲಿನ ಆ ಸೂಕ್ಷ್ಮ ಕುಸುರಿಗೆ ಬೆಳಗಿನ ಓರೆಬಿಸಿಲೇ ಚೆನ್ನ. ಪ್ಲಾಸ್ಟಿಕ್ ಮಸೂರದಲ್ಲಿ ಅಂಚುಗಳು ಮಬ್ಬಾಗಿ ಮೂಲೆಗಳು ಕಪ್ಪಾಗುವುದರಿಂದ ಬಾಗಿಲವಾಡವನ್ನು ಚೌಕದ ನಡುವಿಗೆ ತಂದುಕೊಂಡು, ದೂರವನ್ನು ಹೆಜ್ಜೆಯಿಂದ ಅಳೆದು ಫೋಕಸ್ ಮಾಡಿರಿ. 120 ಅಳತೆಯ ಒಂದು ರೋಲಿನಲ್ಲಿ ಸಿಗುವುದು 12 ಚೌಕ ಚಿತ್ರಗಳು ಮಾತ್ರ. ಹಿಂಬದಿಯ ಕೆಂಪು ಕಿಟಕಿಯಿಂದಲೂ ಮುಚ್ಚಳದ ಸಂದುಗಳಿಂದಲೂ ಬಿಸಿಲು ಒಳನುಗ್ಗಿ ಅವು ಹಾಳಾಗದಂತೆ ಕಪ್ಪು ಟೇಪನ್ನು ಮರೆಯದೆ ಅಂಟಿಸಿರಿ.